ಚೀಟಿ ಕಿತ್ತ ಬಾಟಲಿ

2024ರ ಆಗಸ್ಟ್ 13, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಮೊಳಕಾಲ್ಮೂರಿನ ನೇಕಾರರ ಓಣಿಗೆ ತಿರುಗುತ್ತಿದ್ದಂತೆ ನರ್ಸ್ ಪ್ರೇಮಲತಾ ಪಂದ್ಯ ಕಟ್ಟಿದಳು. "ಬಾಟ್ಲಿ ತುಂಬಿದಂಗೇ ಇರ್ತೈತೆ, ನೋಡ್ತಿರು. ಸೋತೋರು ಮಂಡಕ್ಕಿ ಮಿರ್ಚಿ ಕೊಡಿಸ್ಬೇಕು." ಆಪ್ತಸಮಾಲೋಚಕಿ ಜಬೀನ್ ಒಪ್ಪಿದಳು. ಅವಳ ಚೀಲದಲ್ಲಿ ಅಳೆಯುವ ಸಿರಿಂಜು ಸಿದ್ಧವಾಗಿತ್ತು.

ಬಾಣಂತಿ ತೇಜಶ್ರೀಗೆ ಎಚ್‌ಐವಿ ಇರುವುದು ಬಸುರಿನ ಮೊದಲ ತಪಾಸಣೆಯಲ್ಲೇ ತಿಳಿದಿತ್ತು. ಅವಳು ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ. ಈಗ ಕೂಸಿಗೆ ಸೋಂಕು ತಗುಲದಿರಲು ಆರು ವಾರ, ದಿನಕ್ಕೆ ಒಂದೂವರೆ ಮಿ.ಲೀ. ಸಿರಪ್ ಬೀಳಲೇಬೇಕು. ತವರಿನಲ್ಲಿ ಅವ್ವನಿಗೆ ಗೊತ್ತಾಗಬಾರದೆಂದು ಅವಳು ಬೇಡಿಕೊಂಡಿದ್ದರಿಂದ ಪ್ರೇಮಲತಾ ಬಾಟಲಿಯ ಚೀಟಿ ಕಿತ್ತು, ಟಾನಿಕ್ ಎಂದು ಹೇಳಿ ಕೊಟ್ಟಿದ್ದಳು. ಆದರೆ ಬಾಣಂತನದ ಮನೆಯಲ್ಲಿ ಕೂಸಿನ ಬಾಯಿಗೆ ಏನೇ ಬಿದ್ದರೂ ಅದು ಅಜ್ಜಿಯ ಕೈಯಿಂದಲೇ. ಹೆಸರಿಲ್ಲದ ಔಷಧಿಯನ್ನು ಅಜ್ಜಿಯರು ಗೂಡಿನಲ್ಲಿಟ್ಟು ಮರೆಯುತ್ತಾರೆ ಎಂಬುದು ಪ್ರೇಮಲತಾಳ ಇಪ್ಪತ್ತು ವರ್ಷದ ಅನುಭವ. ಅಳೆಯದೆ ಯಾರನ್ನೂ ಬೈಯಬಾರದು ಎಂಬುದು ಜಬೀನ್‌ಳ ವಾದ.

ತೇಜಶ್ರೀಯ ಅವ್ವ ಸೂರಮ್ಮ ಮಗ್ಗದಿಂದೆದ್ದು ಬಂದು ಬಾಟಲಿ ಕೊಟ್ಟಳು. ಇಪ್ಪತ್ತೈದು ಮಿ.ಲೀ. ಬಾಟಲಿ, ಬೆಳಗಿನದೂ ಸೇರಿ ಹತ್ತು ದಿನದ ಔಷಧಿ ಮುಗಿದಿದೆ. ಹತ್ತು ಮಿ.ಲೀ. ಉಳಿದಿರಬೇಕು. ಜಬೀನ್ ಎರಡು ಸಲ ಅಳೆದಳು. ಎರಡು ಸಲವೂ ಒಂಬತ್ತೂವರೆ.

ಪ್ರೇಮಲತಾ ಪಂದ್ಯ ಸೋತಿದ್ದಳು. ಜಬೀನ್‌ಗೆ ಮಾತ್ರ ಗೆದ್ದ ಖುಷಿಯಾಗಲಿಲ್ಲ. ಕೂಸಿಗೆ ಹೆಚ್ಚು ಬೀಳುತ್ತಿದೆಯೇ? ಹೇಗೆ ಹಾಕುತ್ತೀರಿ, ತೋರಿಸಿ ಎಂದಳು. ಸೂರಮ್ಮ ಬಾಟಲಿಯ ಜೊತೆ ಕೊಟ್ಟಿದ್ದ ಸಿರಿಂಜಿಗೆ ನೀರೆಳೆದು ತೋರಿಸಿದಳು. ಸರಿಯಾಗಿ ಒಂದೂವರೆಯ ಗೀಟಿಗೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ರೇಷ್ಮೆ ಎಳೆ ಎಣಿಸೋಳಿಗೆ ಗೀಟು ಕಾಣಲ್ವೇನಮ್ಮ?"

"ಹಂಗಾದ್ರೆ ಅರ್ಧ ಮಿ.ಲೀ. ಎಲ್ಲೋಯ್ತು, ಸೂರಮ್ನೋರೆ?"

ಸೂರಮ್ಮ ಜಬೀನ್‌ಳನ್ನು ಬಿಟ್ಟು ಪ್ರೇಮಲತಾಳ ಕಡೆ ತಿರುಗಿದಳು. "ಚೀಟಿ ಕಿತ್ತಿದ್ ಬಾಟ್ಲಿ ಕೊಟ್ರಿ. ಏನ್ರಿ ಇದು ಅಂದ್ರೆ ನೀವೂ ನನ್ ಮಗಳೂ ಮುಖ ಮುಖ ನೋಡ್ಕಂಡು ಟಾನಿಕ್ ಅಂದ್ರಿ. ಅದ್ಕೇ ದಿನಾ ಮೊದ್ಲು ಒಂದ್ ಹನಿ ನನ್ ನಾಲಿಗೆ ಮ್ಯಾಲೆ. ನಂಗೇನೂ ಆಗ್ಲಿಲ್ಲ ಅಂದ್ ಮ್ಯಾಲೆ ಕೂಸಿಗೆ."

ಪ್ರೇಮಲತಾ ಸೆರಗು ಸರಿಮಾಡಿಕೊಂಡಳು. ಮಂಚದ ಮೇಲೆ ಕೂಸಿನ ಬಟ್ಟೆ ಮಡಿಸುತ್ತಿದ್ದ ತೇಜಶ್ರೀಯ ಕೈ ನಿಂತಿತು.

"ಅವ್ವಾ, ಇಲ್ ಕುಂತ್ಕ. ನಿಂಗೊಂದ್ ಹೇಳ್ಬೇಕು."

ಪ್ರೇಮಲತಾ, ಜಬೀನ್ ಇಬ್ಬರೂ ಎದ್ದು ಹೊರಗೆ ಜಗಲಿಗೆ ಬಂದರು. ಜಬೀನ್ ಮಂಡಕ್ಕಿಯ ಮಾತೆತ್ತಲಿಲ್ಲ. ಸುಮಾರು ಇಪ್ಪತ್ತು ಹನಿಗೆ ಒಂದು ಮಿ.ಲೀ. ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಕೂಸಿನ ಕಾರ್ಡು ತೆರೆದಳು. ತಪ್ಪಿದ ಡೋಸ್: ಸೊನ್ನೆ. ಅದರ ಕೆಳಗೆ ಖಾಲಿಯಿದ್ದ ಸಾಲಿನಲ್ಲಿ ಬರೆದಳು: ಅಜ್ಜಿ ಕುಡಿದದ್ದು, 0.5 ಮಿ.ಲೀ.