ರೋಸ್ಮೇರಿಯ ಬಿಸಿ ಚಾಕಲೇಟು

"ನೀನು ಅಲ್ಲಿ ನರ್ಸ್ ಆಗಿದ್ದೆ ಅಂತ ಹೇಳಿದ್ದೇನೆ. ಅಷ್ಟು ನೆನಪಿಟ್ಟುಕೊಂಡರೆ ಸಾಕು ಅಕ್ಕ" ಎಂದು ರೆಜಿನಾಲ್ಡ್ ಅಡಿಗೆಮನೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಾಗ ರೋಸ್ಮೇರಿಯ ಕೈಯಲ್ಲಿ ಚಾಕು ಇತ್ತು. ಅವನ ಅದೃಷ್ಟಕ್ಕೆ ಅದು ಚಾಕಲೇಟು ಕೊಚ್ಚಲಿಕ್ಕೆ ಹಿಡಿದ ಚಾಕು. ಹೊರಗೆ ಚಾವಡಿಯಲ್ಲಿ ಶಿರಿಯ ಊರಿನಿಂದ ಬಂದವರು ಕೂತಿದ್ದರು. ರೆಜಿನಾಲ್ಡನ ಮಗಳು ಪಿಂಕಿಯನ್ನು ನೋಡಲು ಬಂದ ಹುಡುಗ ಸವಿಯೊ, ಅವನ ಅಪ್ಪ, ಅಮ್ಮ ಟ್ರೀಜಾ.

"ನಾನು ಯಾವ ಆಸ್ಪತ್ರೆಯಲ್ಲಿ ನರ್ಸ್ ಆದದ್ದು ಮಾರಾಯ?"

"ಪ್ಯಾರಿಸಿನಲ್ಲಿ ಆಸ್ಪತ್ರೆಗಳಿಗೆ ಬರಗಾಲವಾ? ಬಾಯಿಗೆ ಬಂದ ಒಂದು ಹೆಸರು ಹೇಳು, ಅವರೆಂತ ಹೋಗಿ ನೋಡ್ತಾರಾ? ಹುಡುಗಿಯ ಅತ್ತೆ ಇನ್ನೊಬ್ಬರ ಮನೆಯಲ್ಲಿ ಅಡಿಗೆ ಮಾಡಿಕೊಂಡಿದ್ದವಳು ಅಂತ ಹೇಳಲಿಕ್ಕೆ ಆಗ್ತದಾ? ಪಿಂಕಿಯ ಬಾಳಿನ ಪ್ರಶ್ನೆ ಇದು."

ರೋಸ್ಮೇರಿಗೆ ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತು ವರ್ಷ ಆ ಊರಿನ ಒಂದು ಮನೆಯಲ್ಲಿ ಅಡಿಗೆ ಮಾಡಿ, ಇಸ್ತ್ರಿ ಹಾಕಿ, ಇಬ್ಬರು ಮಕ್ಕಳನ್ನು ಸಾಕಿ, ಹೋದ ತಿಂಗಳಷ್ಟೇ ಪೆರ್ಲಕ್ಕೆ ವಾಪಸು ಬಂದವಳು ಅವಳು. ಪಿಂಕಿ ಎಂ.ಎಸ್ಸಿ. ಓದಿದ್ದು, ಈ ಮನೆಗೆ ತಾರಸಿ ಹಾಕಿಸಿದ್ದು ಎಲ್ಲ ಆ ದುಡಿಮೆಯಲ್ಲೇ. ಉಣ್ಣುವಾಗ ಇಲ್ಲದ ನಾಚಿಕೆ ಹೇಳುವಾಗ ಎಲ್ಲಿಂದ ಬಂತು ಈ ಮನುಷ್ಯನಿಗೆ? ಆದರೂ ಪಿಂಕಿಯ ಮುಖ ನೆನಪಾಗಿ ಅವಳು ಸಿಟ್ಟನ್ನೆಲ್ಲ ಹಲಗೆಯ ಮೇಲೆ ತೀರಿಸಿದಳು. ಅಲ್ಲಿಂದ ತಂದ ಕಪ್ಪು ಚಾಕಲೇಟು, ಕಹಿಯೇ ಹೆಚ್ಚು, ಸಕ್ಕರೆ ಕಡಿಮೆ. ಅದು ಪುಡಿಪುಡಿಯಾಯಿತು. ಸಣ್ಣ ಉರಿಯಲ್ಲಿ ಗಟ್ಟಿ ಹಾಲು, ಒಂದಿಷ್ಟು ಕೆನೆ, ಬೆರಳ ತುದಿಯಷ್ಟು ಉಪ್ಪು. ಚಾಕಲೇಟು ಹಾಕಿ, ಹಾಲು ಕುದಿಯಲು ಬಿಡದೆ, ಕೈ ನಿಲ್ಲಿಸದೆ ಕಡೆದಳು. ಚಮಚ ಅದ್ದಿ ಎತ್ತಿದರೆ ಚಮಚದ ಬೆನ್ನಿಗೆ ಅಂಟಿ ನಿಲ್ಲಬೇಕು, ಅಲ್ಲಿಯ ಲೆಕ್ಕ ಅದು.

"ಇದೆಂತ, ಮಕ್ಕಳಿಗೆ ಕೊಡುವ ರಾಗಿ ಮಣ್ಣಿಯ ಹಾಗೆ ಗಟ್ಟಿ ಉಂಟು" ಎಂದ ರೆಜಿನಾಲ್ಡ್ ಪಾತ್ರೆಗೆ ಇಣುಕಿ, ಪಕ್ಕದಲ್ಲಿದ್ದ ಬಿಸಿನೀರಿನ ಚೊಂಬು ಎತ್ತಿಕೊಂಡ. "ಸ್ವಲ್ಪ ತೆಳು ಮಾಡುವ, ದೊಡ್ಡ ಗ್ಲಾಸಿನಲ್ಲಿ ಕೊಡಬಹುದು."

ರೋಸ್ಮೇರಿ ಚೊಂಬನ್ನು ಅವನ ಕೈಯಿಂದ ಕಿತ್ತು ಸಿಂಕಿಗೆ ಸುರಿದಳು. "ನನ್ನನ್ನು ನರ್ಸ್ ಮಾಡಿದ್ದು ಸಾಕು. ಇದನ್ನಾದರೂ ಇದ್ದ ಹಾಗೆ ಇರಲಿಕ್ಕೆ ಬಿಡು. ಹೋಗಿ ಕೂತುಕೋ."

ಚಿಕ್ಕ ಕಪ್ಪುಗಳಲ್ಲಿ ಬಿಸಿ ಚಾಕಲೇಟನ್ನು ರೋಸ್ಮೇರಿ ಟ್ರೇಯಲ್ಲಿ ಚಾವಡಿಗೆ ತಂದಳು. ಟ್ರೀಜಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಇನ್ನೊಂದು ಕುಡಿದರು. "ಇದು ಎಲ್ಲಿ ಕಲಿತದ್ದು ನೀವು?" ಎಂದು ಕೇಳಿದರು.

ರೋಸ್ಮೇರಿ ಬಾಯಿ ತೆರೆಯುವ ಮೊದಲೇ ರೆಜಿನಾಲ್ಡ್ ಮುಂದೆ ಬಿದ್ದ. "ಆಸ್ಪತ್ರೆಯಲ್ಲೇ. ಆಪರೇಷನ್ ಆದ ರೋಗಿಗಳಿಗೆ ಶಕ್ತಿ ಬರಲಿಕ್ಕೆ ಇದನ್ನೇ ಕೊಡುವುದಂತೆ ಅಲ್ಲಿ. ಅಕ್ಕನ ಕೈಯಿಂದಲೇ ಬೇಕು ಅಂತ ಡಾಕ್ಟರುಗಳು ಹೇಳ್ತಿದ್ದರಂತೆ."

ಇಷ್ಟು ಹೊತ್ತು ತಡೆದುಕೊಂಡದ್ದು ಸಾಕಾಯಿತು. ಆ ಮನೆಯ ಸಣ್ಣ ಮಗು ಶಾಲೆಯಿಂದ ಬಂದು ಅವಳ ಏಪ್ರನ್ನಿಗೆ ಬಾಯಿ ಒರೆಸುತ್ತಿದ್ದದ್ದು, ಹತ್ತೊಂಬತ್ತು ವರ್ಷದ ಸಂಜೆ ನಾಲ್ಕು ಗಂಟೆಗಳು, ಎಲ್ಲವನ್ನೂ ರೆಜಿನಾಲ್ಡ್ ಒಂದೇ ಮಾತಿನಲ್ಲಿ ಇಲ್ಲದ ಆಸ್ಪತ್ರೆಗೆ ಸೇರಿಸಿಬಿಟ್ಟಿದ್ದ.

"ಯಾವ ರೋಗಿಯೂ ಇಲ್ಲ, ಡಾಕ್ಟರೂ ಇಲ್ಲ" ಎಂದಳು ರೋಸ್ಮೇರಿ. "ನಾನು ಒಂದು ಮನೆಯಲ್ಲಿ ಕೆಲಸಕ್ಕೆ ಇದ್ದದ್ದು. ಅವರ ಮಕ್ಕಳಿಗೆ ದಿನಾ ಇದನ್ನು ಮಾಡಿ ಕೊಟ್ಟು, ಅವರು ಕುಡಿದ ಕಪ್ಪು ತೊಳೆದದ್ದು. ನನಗೆ ಅದರಲ್ಲಿ ಮರ್ಯಾದೆ ಹೋದದ್ದಿಲ್ಲ. ನಿಮಗೆ ಹೋಗುವುದಾದರೆ ಈಗಲೇ ಹೇಳಿ, ಪಿಂಕಿಗೆ ಸುಳ್ಳಿನ ಮೇಲೆ ಮದುವೆ ಬೇಡ."

ಒಳಬಾಗಿಲಲ್ಲಿ ಪಿಂಕಿ ಬಂದು ನಿಂತಿದ್ದಳು. "ಅಕ್ಕನಿಗೆ ಈಚೆಗೆ ಸ್ವಲ್ಪ ಬಿ.ಪಿ..." ಎಂದು ರೆಜಿನಾಲ್ಡ್ ನಗಲು ನೋಡಿದ.

ಟ್ರೀಜಾ ಕಪ್ಪು ಬರಿದು ಮಾಡಿ ಕೆಳಗಿಟ್ಟರು. "ನೀವು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಪಕ್ಕದಲ್ಲಿ ಕುರ್ಚಿ ಖಾಲಿ ಉಂಟು, ಮನೆ ನಿಮ್ಮದೇ. ಆದರೂ ಟ್ರೇ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ನಿಂತಿದ್ದೀರಿ, ನಾವು ಯಾವಾಗ ಕುಡಿದು ಮುಗಿಸ್ತೇವೆ ಅಂತ ಕಾಯ್ತಾ. ನರ್ಸುಗಳು ಹಾಗೆ ನಿಲ್ಲುವುದಿಲ್ಲ."

ರೋಸ್ಮೇರಿ ತನ್ನ ಕಾಲುಗಳನ್ನು ನೋಡಿಕೊಂಡಳು. ನಿಜವಾಗಿಯೂ ನಿಂತೇ ಇದ್ದಳು.

"ಕುವೈತಿನ ಒಂದು ಮನೆಯಲ್ಲಿ ಹನ್ನೊಂದು ವರ್ಷ ನಾನು ಹಾಗೇ ನಿಂತದ್ದು" ಎಂದರು ಟ್ರೀಜಾ. ಸವಿಯೊನ ಅಪ್ಪನಿಗೆ ಒಮ್ಮೆಲೇ ಕೆಮ್ಮು ಬಂತು. ಟ್ರೀಜಾ ಅತ್ತ ತಿರುಗಲಿಲ್ಲ, ರೆಜಿನಾಲ್ಡನನ್ನೇ ನೋಡಿದರು. "ಇವರು ನಿಮ್ಮತ್ರ ನನ್ನನ್ನು ಎಂತ ಅಂತ ಹೇಳಿದ್ದು?"

ರೆಜಿನಾಲ್ಡ್ ಸವಿಯೊನ ಅಪ್ಪನ ಮುಖ ನೋಡಿದ. ಅವರು ಕಪ್ಪಿನ ತಳ ನೋಡುತ್ತಿದ್ದರು.

"ಟೀಚರ್ ಅಂತ" ಎಂದ ರೆಜಿನಾಲ್ಡ್.

"ಹಾಗಾದರೆ ಟೀಚರ್ ಹೇಳ್ತಿದ್ದೇನೆ, ಕೇಳಿ. ಎದ್ದು ಒಳಗೆ ಹೋಗಿ, ನಿಮ್ಮ ಅಕ್ಕನಿಗೆ ಒಂದು ಕಪ್ಪು ತನ್ನಿ. ಅವರು ಕುಡಿದು ಮುಗಿಸುವವರೆಗೆ ನೀವು ಇಲ್ಲಿ ನಿಲ್ಲಿ."