ಯಾರಾದ್ರೂ ಬರ್ತೀರಾ?

"ಕೆಳಮನೆಯವರನ್ನ ಇಲ್ಲಿಂದ ಓಡಿಸಬೇಕಮ್ಮ. ಅವರೆಲ್ಲ ಹುಳುಗಳು," ಎಂದಳು ಹದಿಮೂರರ ಮಗಳು, ತಟ್ಟೆಯಿಂದ ತಲೆ ಎತ್ತದೆ.

ಬೆಳಗಿನ ಪಾಳಿಯ ಬಸ್ ಓಡಿಸಿ ಆಗಷ್ಟೇ ಬಂದಿದ್ದ ತಾಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಇದು ಈ ಮನೆಯ ಮಾತಲ್ಲ.

"ಯಾರು ಪುಟ್ಟಿ ಹಾಗಂದಿದ್ದು?"

"ಗೇಮಲ್ಲಿ ಒಬ್ಬರು ಅಣ್ಣ ಇದ್ದಾರೆ. ಕ್ಯಾಪ್ಟನ್ ಅಂತೀವಿ. ದೊಡ್ಡೋರಿಗೆ ಹೇಳಬಾರದು ಅಂದಿದ್ದಾರೆ."

ತಾಯಿ ಮಗಳ ಪಕ್ಕದಲ್ಲಿದ್ದ ಫೋನಿನ ಕಡೆ ನೋಡಿದಳು. ಕಿತ್ತುಕೊಂಡರೆ ಫೋನ್ ಕೈಗೆ ಬರುತ್ತದೆ, ಮಗಳು ಬರುವುದಿಲ್ಲ. "ನಾನೂ ಪಕ್ಕದಲ್ಲಿ ಕೂತು ಕೇಳ್ಲಾ? ಬಾಯಿ ಬಿಡಲ್ಲ," ಎಂದಳು. "ಸಂಜೆ ಬಾ," ಎಂದು ಮಗಳು ಒಪ್ಪಿದಳು.

ಸಂಜೆ ಪರದೆಯ ತುಂಬ ಮಕ್ಕಳ ಅಡ್ಡಹೆಸರುಗಳು. ಕ್ಯಾಪ್ಟನ್‌ನ ದನಿ ಜೇನು ಸವರಿದಂತಿತ್ತು. ಯಾರಿಗೋ ಜ್ವರ ಬಿಟ್ಟಿತೇ ಎಂದು ವಿಚಾರಿಸಿದ, ಇನ್ಯಾರದೋ ಸತ್ತ ನಾಯಿಯ ಹೆಸರು ಹಿಡಿದು ಮರುಗಿದ. ಆ ಅಕ್ಕರೆಗೇ ತಾಯಿ ಹೆಚ್ಚು ಹೆದರಿದಳು. ಪೊಲೀಸರಿಗೆ ಕೊಡಲೆಂದು ತನ್ನ ಫೋನಿನಲ್ಲಿ ಅವನ ಮಾತನ್ನು ರೆಕಾರ್ಡ್ ಮಾಡಿಕೊಳ್ಳತೊಡಗಿದಳು.

"ನಾಳೆ ಎಲ್ಲರೂ ನಿಮ್ಮ ಬೀದಿಯ, ನಮ್ಮವರಲ್ಲದ ಆ ಜನರ ಮನೆಬಾಗಿಲಿನ ಫೋಟೋ ಕಳಿಸಿ," ಎಂದ ಕ್ಯಾಪ್ಟನ್.

"ಯಾಕೆ?" ಮಗಳು ನೆಟ್ಟಗೆ ಕೂತಳು.

"ಸೈನಿಕರು ಯಾಕೆ ಅಂತ ಕೇಳಲ್ಲ."

"ನಮ್ಮ ಕೆಳಮನೇಲಿ ಚಿಕ್ಕ ಹುಡುಗಿ ಇದ್ದಾಳೆ. ಅವಳೂನಾ?"

ಅವನು ನಕ್ಕ. "ಹಾವಿನ ಮರಿನೂ ಹಾವೇ ಅಲ್ವಾ?"

"ಅವಳಿಗೆ ಸೈಕಲ್ ಕಲಿಸಿದ್ದು ನಾನು," ಎಂದಳು ಮಗಳು ಮೆಲ್ಲಗೆ. "ಬಿದ್ದಾಗ ನನ್ನನ್ನೇ ತಬ್ಬಿಕೊಂಡು ಅತ್ತಳು. ಅವಳು ಹಾವಲ್ಲ. ನಾನು ಈ ಗುಂಪು ಬಿಟ್ಟು ಹೋಗ್ತೀನಿ. ಯಾರಾದ್ರೂ ಬರ್ತೀರಾ?"

ಕ್ಯಾಪ್ಟನ್‌ನ ಜೇನೆಲ್ಲ ಒಂದೇ ಗಳಿಗೆಯಲ್ಲಿ ಇಳಿದುಹೋಯಿತು. ಹೇಡಿ ಎಂದ, ದ್ರೋಹಿ ಎಂದ, ನಿನ್ನ ಮನೆ ಎಲ್ಲಿದೆ ಅಂತ ಗೊತ್ತು ಎಂದ. ಮಗಳು ಅದೇ ದನಿಯಲ್ಲಿ ಮತ್ತೆ, "ಯಾರಾದ್ರೂ ಬರ್ತೀರಾ?" ಎಂದಳು. ಕತ್ತಲಿಗೆ ಹೆದರಿ ಇವತ್ತಿಗೂ ದೀಪ ಹಚ್ಚಿಕೊಂಡೇ ಮಲಗುವ ಹುಡುಗಿ. ತಾನು ಹೆತ್ತವಳನ್ನು ತಾಯಿ ಈಗಷ್ಟೇ ಮೊದಲ ಸಲ ನೋಡುವವಳಂತೆ ನೋಡಿದಳು.

ಪರದೆಯ ಮೇಲೆ ಒಂದು ಹೆಸರು ಮಾಯವಾಯಿತು. ಆಮೇಲೆ ಇನ್ನೊಂದು. ಅವನು ಕೂಗಿದಷ್ಟೂ ಹೆಸರುಗಳು ಸದ್ದಿಲ್ಲದೆ ಎದ್ದು ಹೋದವು.

ಕೊನೆಗೆ ಕ್ಯಾಪ್ಟನ್‌ನ ಹೆಸರಿನ ಕೆಳಗೆ ಮಗಳ ಹೆಸರಲ್ಲದೆ ಒಂದೇ ಒಂದು ಹೆಸರು ಉಳಿಯಿತು. ಅದರಿಂದ ಅದುವರೆಗೂ ಕೇಳಿರದ ಪುಟ್ಟ ಪಿಸುದನಿ ಬಂತು.

"ಅಕ್ಕಾ, ನಂಗಿನ್ನೂ ಓದೋಕೆ ಬರಲ್ಲ. ಹೊರಗೆ ಹೋಗೋ ಬಟನ್ ಯಾವುದು?"