ಮುಂಜಾನೆ ಹೋಗಿ ಮಧ್ಯಾಹ್ನ ಬಂದವನು

ಊರಿನ ಜೈಲಿನಲ್ಲಿ ಹತ್ತು ವರ್ಷದ ಶಿಕ್ಷೆ ಒಂದೇ ಮುಂಜಾನೆಯಲ್ಲಿ ಮುಗಿಯುತ್ತಿತ್ತು. ಒಳಗಿದ್ದವರಿಗೆ ಮಾತ್ರ ಹತ್ತೂ ವರ್ಷ ಪೂರ್ತಿ ಕಳೆಯುತ್ತಿದ್ದವು. ಗ್ಯಾರೇಜಿನ ಮಾಲೀಕ ಶಿವಪುತ್ರ ಕರಿಗೂದಲಿನಲ್ಲಿ ಒಳಗೆ ಹೋಗಿ, ಊಟದ ಹೊತ್ತಿಗೆ ತಲೆ ನರೆತು, ಬೆನ್ನು ಬಾಗಿ ಹೊರಬಂದ. ಮನೆಗೂ ಹೋಗದೆ ಮೆಕ್ಯಾನಿಕ್ ಮೌಲಾಲಿಯ ಮನೆಗೆ ನಡೆದ. ಹೋದ ವಾರ ಸಿಟ್ಟಿನಲ್ಲಿ ತಾನು ಸ್ಪ್ಯಾನರಿನಿಂದ ಹೊಡೆದು ಕೈ ಮುರಿದಿದ್ದು ಅವನದೇ. ಜೈಲಿನ ಪಾಯಖಾನೆ ತೊಳೆಯುತ್ತ, ಅನ್ನಕ್ಕೆ ಸಾಲಿನಲ್ಲಿ ನಿಲ್ಲುತ್ತ ಶಿವಪುತ್ರನ ಸೊಕ್ಕು ಇಳಿದಿತ್ತು. ಕೇಳಬೇಕಾದ ಕ್ಷಮೆಯ ಒಂದೊಂದು ಮಾತನ್ನೂ ವರ್ಷಗಟ್ಟಲೆ ತಿದ್ದಿಕೊಂಡಿದ್ದ.

ಪಡಸಾಲೆಯಲ್ಲಿ ಮೌಲಾಲಿಯ ಹೆಂಡತಿ ಹಸೀನಾ ಅವನಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದಳು.

“ಯಾರು ಬೇಕಾಗಿತ್ರೀ ಅಜ್ಜಾರ?” ಎಂದಳು.

“ನಾನವ್ವಾ, ಶಿವಪುತ್ರ.”

ದನಿ ಕೇಳಿದ್ದೇ ತಡ, ಮೌಲಾಲಿ ಪ್ಲಾಸ್ಟರಿನ ಕೈಯನ್ನು ಎದೆಗವಚಿಕೊಂಡು ಗೋಡೆಗೆ ಸರಿದ. ಶಿವಪುತ್ರ ಹೊಸ್ತಿಲಲ್ಲೇ ನಿಂತ.

“ಸಾವಕಾರ್ರ, ನಿಮಗ ಹತ್ತು ವರ್ಷ ಆದುವು,” ಎಂದ ಮೌಲಾಲಿ. “ನನಗ ನಿನ್ನೆ ರಾತ್ರಿನೂ ನೋವಿಗೆ ನಿದ್ದಿ ಬಂದಿಲ್ಲ. ಈಗ ಮಾಫಿ ಕೇಳಬ್ಯಾಡ್ರಿ. ಕೊಡಾಕ ನನ್ನ ಕಡೆ ಇಲ್ಲ.”

ತಾನು ಇಷ್ಟು ಅವಸರದಿಂದ ಓಡಿಬಂದದ್ದು ತನ್ನ ಎದೆ ಹಗುರಾಗಲೆಂದೇ ಹೊರತು ಇವನಿಗಾಗಿ ಅಲ್ಲ ಎಂದು ಹೊಳೆದು, ಶಿವಪುತ್ರನಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಎನಿಸಿತು.

“ಆಗ್ಲಿ ಮೌಲಾಲಿಯವ್ರ,” ಎಂದು ಕೈಮುಗಿದ. ಬೈಗುಳ ಸೇರಿಸದೆ ಆ ಹೆಸರನ್ನು ಅವನು ಹೇಳಿದ್ದು ಅದೇ ಮೊದಲು. “ನಿಮಗೂ ಅಷ್ಟು ವರ್ಷ ಕಳೀಲಿ. ಕಾಯ್ತೀನ್ರಿ.”

ಹಸೀನಾ ಎದ್ದು ಬಂದು ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಹೊರಗೆ ಶಿವಪುತ್ರ ತಲೆ ಎತ್ತಲಿಲ್ಲ.